ಅರ್ಧಕ್ಕೆ ನಿಂತ ಆಕಾಶ

ಮನೆ, ಮಹಡಿಯ ಕೋಣೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಾವನಿಗೆ ನಿಮ್ಮ ಸೊಸೆಯ ನಮಸ್ಕಾರ.

ಕಣ್ಣು ಹೇಗಿದೆ? ಮೊದಲು ಅದನ್ನ ಹೇಳಿ, ಮಿಕ್ಕಿದ್ದೆಲ್ಲ ಆಮೇಲೆ. ಹನಿ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸ್ಕೊಳ್ತಿದ್ದೀರಾ, ಇಲ್ಲ ಅಲ್ಲೂ ‘ಆಮೇಲೆ, ಆಮೇಲೆ’ ಅಂತ ಸೀಸೆನ ಕಿಟಕಿಯ ಬಿಸಿಲಲ್ಲಿಟ್ಟು ಮರೆತುಬಿಡ್ತೀರಾ? ಕಣ್ಣು ಉಜ್ಜಬೇಡಿ. ಬಗ್ಗಿ ಭಾರ ಎತ್ತಬೇಡಿ. ಕಪ್ಪು ಕನ್ನಡಕ ಇಲ್ಲದೆ ಹೊಸಿಲು ದಾಟಬೇಡಿ. ‘ಅದನ್ನ ಹಾಕ್ಕೊಂಡ್ರೆ ಕಳ್ಳನ ಹಾಗೆ ಕಾಣ್ತೀನಿ’ ಅಂತ ನೀವು ಗೊಣಗಿದ್ದನ್ನ ನಿಮ್ಮ ಮಗಳು ನನಗೆ ಚಾಚೂ ತಪ್ಪದೆ ವರದಿ ಒಪ್ಪಿಸಿದ್ದಾರೆ. ಕಾಣಿ ಬಿಡಿ, ಏನೀಗ? ಎಲ್ಲ ಒಂಥರಾ ನೀಲಿನೀಲಿಯಾಗಿ ಕಾಣುತ್ತೆ ಅಂತ ಗಾಬರಿಯಾಗಿದ್ರಲ್ಲ, ಪೊರೆ ತೆಗೆಸಿಕೊಂಡ ತುಂಬಾ ಜನಕ್ಕೆ ಹಾಗೇ ಆಗುತ್ತಂತೆ. ಇಷ್ಟು ವರ್ಷ ನೀವು ನೋಡ್ತಿದ್ದದ್ದೇ ಮಾಸಿದ ಹಳದಿ ಗಾಜಿನ ಮೂಲಕ, ಈಗ ಕಾಣೋದೇ ಸರಿಯಾದ ಬಣ್ಣ ಅಂದರು ಇಲ್ಲಿನ ಔಷಧಿ ಅಂಗಡಿಯವರು. ಅತ್ತಿಗೆಯ ಮಂಡಿನೋವು ಹೇಗಿದೆ? ಅವರೂ ನಿಮ್ಮ ಹಾಗೇ, ಎಷ್ಟು ನೋವಿದ್ದರೂ ಬಾಯಿ ಬಿಡಲ್ಲ, ನೀವೇ ನೋಡಿ ಗದರಿಸಿ ಕೂರಿಸಬೇಕು. ನಾನು ಚೆನ್ನಾಗಿದ್ದೀನಿ. ವ್ಯಾನು ಚೆನ್ನಾಗಿದೆ. ಹಿತ್ತಿಲ ಬೆಕ್ಕು ನಿಮ್ಮ ಕುರ್ಚಿನ ಸ್ವಂತ ಮಾಡ್ಕೊಂಡಿದೆ, ಎಬ್ಬಿಸಕ್ಕೆ ಹೋದರೆ ನನ್ನನ್ನೇ ಗುರಾಯಿಸುತ್ತೆ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳ್ತೀರಿ. ಯಾಕೆ ಅಂದ್ರೆ, ಫೋನಲ್ಲಿ ಮುಖ್ಯವಾದ ಮಾತು ಬಂದ ತಕ್ಷಣ ನಿಮಗೆ ಸಿಗ್ನಲ್ ಹೋಗುತ್ತೆ. ಅದೆಂಥ ಸಿಗ್ನಲೋ ಕಾಣೆ! ಬೆಕ್ಕು, ಬಿಸಿಲು, ವ್ಯಾನಿನ ಟೈರು ಅಂತಿದ್ರೆ ಗಟ್ಟಿಯಾಗಿರುತ್ತೆ, ‘ಯಾವತ್ತು ಬರ್ತೀರಿ’ ಅಂದ ಕೂಡಲೇ ‘ಹಲೋ, ಹಲೋ, ಕೇಳಿಸ್ತಿಲ್ಲಮ್ಮ’. ಕಾಗದದ ಜೊತೆ ಆ ಆಟ ನಡೆಯಲ್ಲ. ದೊಡ್ಡ ಅಕ್ಷರದಲ್ಲಿ ಬರೀತಿದ್ದೀನಿ, ಅತ್ತಿಗೆ ಕೈಲಿ ಓದಿಸದೆ ನೀವೇ ಓದಿ. ನೀವು ಹೊರಟ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ತಾ, ಇವತ್ತು ಮೋಡ ಇದೆ ಅನ್ನೋ ಹಾಗೆ, ‘ಗಾಳಿ ಮೇಷ್ಟ್ರು ನನ್ನ ಹತ್ರ ಬಂದು ನಿನ್ನನ್ನ ಮದುವೆ ಆಗ್ತೀನಿ ಅಂದ್ರು. ಒಳ್ಳೇ ಮನುಷ್ಯ. ಯೋಚನೆ ಮಾಡು. ನಾನಿಲ್ಲಿದ್ರೆ ನೀನು ಯೋಚನೆ ಮಾಡಲ್ಲ’ ಅಂದುಬಿಟ್ರಿ. ನಿಮ್ಮ ಮಗ ತೀರಿಕೊಂಡು ಇಷ್ಟು ವರ್ಷ ಆದ ಮೇಲೆ ಇಂಥ ಮಾತು ಕೇಳ್ತೀನಿ, ಅದೂ ನಿಮ್ಮ ಬಾಯಿಂದ, ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. ನಾನು ಬಾಯಿ ತೆರೆಯೋ ಮೊದಲೇ ಬಸ್ಸಿಗೆ ಹೊತ್ತಾಯ್ತು ಅಂತ ಮೆಟ್ಟಿಲಿಳಿದೇ ಹೋದ್ರಿ. ಆಪರೇಷನ್ ಮುಗಿದು ಎಷ್ಟೋ ದಿನ ಆಯ್ತು, ಡಾಕ್ಟರು ಊರಿಗೆ ಹೋಗಬಹುದು ಅಂದಿದ್ದೂ ಆಯ್ತು. ಮೊನ್ನೆ ಅತ್ತಿಗೆ ಫೋನ್ ಮಾಡಿ, ‘ಅಪ್ಪ ಇನ್ನು ಇಲ್ಲೇ ಇರ್ತಾರಂತೆ, ಅವರ ಸ್ವೆಟರು, ಪುಸ್ತಕ ಕಳಿಸು’ ಅಂದರು. ನಾನು ಕಳಿಸಿಲ್ಲ, ಕಳಿಸೋದೂ ಇಲ್ಲ. ನೀವು ಮನೆಗೆ ಬರಬೇಕು, ಈ ಕಾಗದ ಅದಕ್ಕೇ. ಆದರೆ ಬರೀ ‘ಬನ್ನಿ’ ಅಂದ್ರೆ ಎದ್ದು ಬರೋ ಆಸಾಮಿ ಅಲ್ಲ ನೀವು. ಆಧಾರ ಕೇಳ್ತೀರಿ. ಅದಕ್ಕೇ ಇಲ್ಲಿ ನಡೆದದ್ದನ್ನ ಮೊದಲಿಂದ ಹೇಳ್ತೀನಿ, ತಾಳ್ಮೆಯಿಂದ ಓದಿ.

ನಮ್ಮ ಗುಡಾರದಲ್ಲಿ ಆಕಾಶ ತೋರಿಸೋ ಆಟವನ್ನ ನೀವಿಲ್ಲದೆ ನಾನೊಬ್ಬಳೇ ಮೊದಲು ಮಾಡಿದ್ದು ಕಾಲುವೆ ಆಚೆಯ ಶಾಲೆಯಲ್ಲಿ. ಭಯ ಇತ್ತು, ಸುಳ್ಳು ಹೇಳಲ್ಲ. ಆದರೆ ಇಷ್ಟು ವರ್ಷ ವ್ಯಾನು ಓಡಿಸಿ, ಗುಡಾರ ಬಿಚ್ಚಿ, ಅದಕ್ಕೆ ಗಾಳಿ ತುಂಬೋ ಬ್ಲೋವರ್ ಹಚ್ಚಿ, ನೀವು ಕತ್ತಲಲ್ಲಿ ಮಾತಾಡುವಾಗ ಚುಕ್ಕಿ ಬೆಳಕು ಚೆಲ್ಲೋ ನಕ್ಷತ್ರದ ಡಬ್ಬ ತಿರುಗಿಸ್ತಾ ಪಕ್ಕದಲ್ಲೇ ಕೂತವಳಿಗೆ ನಿಮ್ಮ ಮಾತೆಲ್ಲ ಬಾಯಿಪಾಠ ಅಲ್ವಾ, ನೀವೆಲ್ಲಿ ಕೆಮ್ಮುತ್ತೀರಿ ಅನ್ನೋದೂ ಸೇರಿ. ಶಾಲೆಯ ದೊಡ್ಡ ಹಾಲಿನಲ್ಲಿ ಗುಡಾರ ಹರಡಿದೆ. ಗಾಳಿ ತುಂಬಿ ಅದು ಮೆಲ್ಲಗೆ ಉಬ್ಬಿ ಗುಮ್ಮಟ ಆಗುವಾಗ ಮಕ್ಕಳು ‘ಓ’ ಅಂತ ಎಳೆದ ರಾಗ ಇದೆಯಲ್ಲ, ಅದಕ್ಕೇ ಅರ್ಧ ಭಯ ಹೋಯ್ತು. ಬಟ್ಟೆಯ ಸುರಂಗದಲ್ಲಿ ಒಬ್ಬೊಬ್ಬರೇ ಅಂಬೆಗಾಲಿಟ್ಟು ಒಳಗೆ ಬಂದರು. ಬೂಟು ಹೊರಗೆ ಬಿಡಿಸಿದ್ದೆ, ಕಾಲುಚೀಲದ ವಾಸನೆ ಒಳಗೇ ಬಂತು. ಆ ವಾಸನೆ ಮಾತ್ರ ಯಾವ ಶಾಲೆಗೆ ಹೋದರೂ ಒಂದೇ, ಮಾವ.

ಈಗ ನಿಮ್ಮ ಪದ್ಧತಿಯ ವಿಷಯ. ನಿಮಗೇ ಹೇಳಬೇಕಾಗಿಲ್ಲ, ಆದರೆ ಎಡವಟ್ಟು ಶುರುವಾದದ್ದೇ ಅಲ್ಲಿಂದ. ಮಕ್ಕಳಿಗೆ ಸರಿ ಉತ್ತರ ಮೊದಲೇ ಹೇಳಬಾರದು ಅಂತ ನೀವು. ‘ಸರಿ ಉತ್ತರ ಪುಸ್ತಕದಲ್ಲೇ ಇದೆ, ಅದನ್ನ ಓದಿ ಯಾರ ಬಾಯೂ ತೆರೆದಿಲ್ಲ’ ಅಂತೀರಿ. ಆಟದ ಮೊದಲರ್ಧ ಭೂಮಿ ನಡುಮಧ್ಯ ಅಲುಗಾಡದೆ ನಿಂತಿದೆ, ಸೂರ್ಯ ಚಂದ್ರ ಚುಕ್ಕಿಗಳೆಲ್ಲ ಅದರ ಸುತ್ತ ತಿರುಗ್ತವೆ ಅಂತ ವಕೀಲರ ಹಾಗೆ ವಾದಿಸಬೇಕು. ಆ ಕಾಲದ ಜಾಣರು ಎಷ್ಟು ಗಟ್ಟಿಯಾಗಿ ನಂಬಿದ್ದರೋ ಮಕ್ಕಳೂ ಅಷ್ಟೇ ಗಟ್ಟಿಯಾಗಿ ನಂಬಬೇಕು. ಉಳಿದರ್ಧದಲ್ಲಿ ಆ ನಂಬಿಕೆನ ಅವರ ಕೈಯಿಂದಲೇ ಕೆಡವಿಸಬೇಕು. ಹಳಬರನ್ನ ನೋಡಿ ಮಕ್ಕಳು ನಕ್ಕರೆ ನಿಮಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು. ‘ಅವರು ದಡ್ಡರಲ್ಲ, ಕಣ್ಣಿಗೆ ಕಂಡದ್ದಕ್ಕೆ ಮೋಸ ಮಾಡದವರು’ ಅಂತ ಗುಡುಗುತ್ತಿದ್ರಿ.

ಹಾಗಾಗಿ ವಾದಿಸಿದೆ ನಾನೂ. ಅಬ್ಬಾ, ಹೇಗೆ ವಾದಿಸಿದೆ ಅಂತೀರಿ! ಡಬ್ಬ ತಿರುಗಿಸಿ ಚುಕ್ಕಿಗಳನ್ನೆಲ್ಲ ಅವರ ತಲೆ ಮೇಲೆ ಸುತ್ತಿಸಿದೆ. ‘ಯಾರು ತಿರುಗ್ತಿರೋದು, ಅವೋ ನೀವೋ? ನಿಮಗೇನಾದ್ರೂ ತಲೆ ಸುತ್ತುತ್ತಿದೆಯಾ?’ ಅಂದೆ. ಒಬ್ಬ ಹುಡುಗಿ ಕೈಗೆ ಚೆಂಡು ಕೊಟ್ಟು ನೇರ ಮೇಲಕ್ಕೆ ಎಸೆಯಕ್ಕೆ ಹೇಳಿದೆ. ಅದು ಅವಳ ಕೈಗೇ ಬಂದು ಬಿತ್ತು. ‘ಭೂಮಿ ಓಡ್ತಿದ್ರೆ ಚೆಂಡು ಹಿಂದೆ ಬೀಳಬೇಕಿತ್ತಲ್ಲ?’ ಅಂದೆ. ಎಲ್ಲ ಹೌದು ಹೌದು ಅಂದರು. ಆಮೇಲೆ ಕೆಂಪು ಟಾರ್ಚಿನಿಂದ ಮಂಗಳನನ್ನ ತೋರಿಸಿದೆ. ಚುಕ್ಕಿಗಳ ನಡುವೆ ಮುಂದೆ ಮುಂದೆ ಹೋಗೋನು ಇದ್ದಕ್ಕಿದ್ದ ಹಾಗೆ ನಿಂತು, ಏನೋ ಮರೆತವರ ಹಾಗೆ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಹೊರಡೋದು. ಇದಕ್ಕೇನು ಹೇಳ್ತೀರಿ ಅಂದೆ. ಹಳಬರು ಹೂಡಿದ ಉಪಾಯ ತೋರಿಸಿದೆ. ದೊಡ್ಡ ಚಕ್ರದ ಅಂಚಿನಲ್ಲಿ ಒಂದು ಚಿಕ್ಕ ಚಕ್ರ, ಗ್ರಹ ಕೂತಿರೋದು ಆ ಚಿಕ್ಕ ಚಕ್ರದ ಅಂಚಿನಲ್ಲಿ. ನೀವು ಮಾಡಿಟ್ಟ ತಗಡಿನ ಚಕ್ರಗಳಿಗೆ ಟಾರ್ಚು ಸಿಕ್ಕಿಸಿ ತಿರುಗಿಸಿದರೆ ಗುಮ್ಮಟದ ಮೇಲೆ ಮಂಗಳ ಥೇಟ್ ಹಾಗೇ ಹಿಂದೆ ಹೋಗಿ ಮುಂದೆ ಬಂದ. ಲೆಕ್ಕ ಕೂಡಿತು! ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಬೀಗಿದೆ. ‘ಈಗ ನೋಡಿ, ಈ ಲೆಕ್ಕದಲ್ಲಿ ಒಬ್ಬ ಕಳ್ಳ ಕೂತಿದ್ದಾನೆ’ ಅಂತ ಉಳಿದರ್ಧ ಶುರು ಮಾಡಬೇಕು, ಅಷ್ಟರಲ್ಲಿ ಹೊರಗಿಂದ ಸುಟ್ಟ ವಾಸನೆ. ಬ್ಲೋವರ್ ಎರಡು ಸಲ ಗುರುಗುಟ್ಟಿ ಸುಮ್ಮನಾಯ್ತು.

ಆಕಾಶ ತಲೆ ಮೇಲೆ ಬಿತ್ತು ಅಂತೀವಲ್ಲ ಮಾವ, ಬಿತ್ತು. ಮೆಲ್ಲಗೆ, ಹಾಸಿಗೆ ಹೊದಿಕೆ ಬಿದ್ದ ಹಾಗೆ. ಮಕ್ಕಳಿಗೋ ಅದೇ ಹಬ್ಬ, ಒಳಗೆ ಕೇಕೆಯೋ ಕೇಕೆ. ನನಗೆ ಮಾತ್ರ ಬೆವರಿಳಿದು ಹೋಯ್ತು. ಸುರಂಗದ ಬಾಯಿ ಎತ್ತಿ ಹಿಡಿದು ಎಲ್ಲರನ್ನೂ ಈಚೆ ಎಳೆದು, ತಲೆ ಎಣಿಸಿ, ಬೂಟು ಹುಡುಕಿ ಕೊಟ್ಟು ಮುಗಿಸೋ ಹೊತ್ತಿಗೆ ಶಾಲೆಯ ಗಂಟೆ ಹೊಡೀತು. ಎಲ್ಲ ಓಡಿಹೋದರು. ಯಾರಿಗೂ ಏನೂ ಆಗಲಿಲ್ಲವಲ್ಲ ಅಂತ ನಾನು ನಿಟ್ಟುಸಿರು ಬಿಟ್ಟು, ಗುಡಾರ ಮಡಿಸಿ, ಬ್ಲೋವರನ್ನ ಅಂಗಡಿಗೆ ಇಳಿಸಿ ಮನೆಗೆ ಬಂದು ಚಹಾ ಕುಡಿದೆ. ಏನಾಗಿದೆ ಅಂತ ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಆ ಶಾಲೆಯ ಹೆಡ್‌ಮಿಸ್ ಫೋನ್ ಮಾಡಿದರು. ದನಿಯಲ್ಲೇ ಮುಖ ಗಂಟಿಕ್ಕಿದ್ದು ಕಾಣಿಸ್ತಿತ್ತು. ‘ಏನ್ರೀ, ನಾವು ವರ್ಷಾನುಗಟ್ಟಲೆ ಕಲಿಸಿದ್ದನ್ನ ಅರ್ಧ ಗಂಟೆಯಲ್ಲಿ ಒರೆಸಿ ಹಾಕಿಬಿಟ್ರಲ್ಲ!’ ಅಂದರು. ಮಕ್ಕಳೆಲ್ಲ ಮನೆಗೆ ಹೋಗಿ ಭೂಮಿ ನಿಂತಲ್ಲೇ ನಿಂತಿದೆ ಅಂತ ಸಾರಿದ್ದಾರೆ. ಚೆಂಡು ಎಸೆದ ಹುಡುಗಿ ಇದ್ದಾಳಲ್ಲ, ಅವಳು ಊಟದ ಹೊತ್ತಲ್ಲಿ ಅವರಪ್ಪನ ಮುಂದೆ ಚೆಂಡು ಎಸೆದು ತೋರಿಸಿ, ‘ಈಗ ಹೇಳಿ, ಭೂಮಿ ಓಡ್ತಿದೆಯಾ?’ ಅಂತ ಪಟ್ಟು ಹಿಡಿದಳಂತೆ. ಅಪ್ಪನಿಗೆ ಭೂಮಿ ಓಡುತ್ತೆ ಅಂತ ಗೊತ್ತು, ಹಾಗಿದ್ದೂ ಚೆಂಡು ಯಾಕೆ ಹಿಂದೆ ಬೀಳಲ್ಲ ಅಂತ ಹೇಳಕ್ಕೆ ಬರಲ್ಲ. ಅವರಿಗೆ ಕೋಪ ಬಂತು, ಅವಳಿಗೆ ಅಳು ಬಂತು, ಬೆಳಿಗ್ಗೆ ಅಪ್ಪ ಶಾಲೆಗೇ ಬಂದರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನಿಜ ಹೇಳಲಾ? ಒಳಗೊಳಗೇ ಒಂದು ಚೂರು ಹೆಮ್ಮೆಯೂ ಆಯ್ತು. ಒಂದು ಇಡೀ ಶಾಲೆಗೆ ಭೂಮಿ ನಿಂತಿದೆ ಅಂತ ನಂಬಿಸೋದು ಸುಮ್ಮನೆ ಮಾತಲ್ಲ. ನಿಮ್ಮ ಕೈಲೂ ಆಗಿರಲಿಲ್ಲ!

ಇವತ್ತೇ ಬಂದು ಉಳಿದರ್ಧ ಮಾಡಿಕೊಡ್ತೀನಿ ಅಂತ ಹೆಡ್‌ಮಿಸ್‌ಗೆ ಮಾತು ಕೊಟ್ಟು, ಬಸ್ ನಿಲ್ದಾಣದ ಹಿಂದೆ ಸುಟ್ಟ ಮೋಟಾರಿಗೆ ತಂತಿ ಸುತ್ತೋ ವೈಂಡಿಂಗ್ ಅಂಗಡಿಗೆ ಓಡಿದೆ. ನಮ್ಮ ಬ್ಲೋವರಿನ ಹೊಟ್ಟೆ ಬಗೆದು ಕಪ್ಪಾದ ತಂತಿನೆಲ್ಲ ಎಳೆದು ಹಾಕ್ಕೊಂಡು ಕೂತಿದ್ರು ನಿಮ್ಮ ಗಾಳಿ ಮೇಷ್ಟ್ರು. (ನಮ್ಮ ಗುಡಾರದ ಗಾಳಿ ಕಾಯೋರು ಅಂತ ಮೋಟಾರು ಸುತ್ತುವ ಮನುಷ್ಯನಿಗೆ ಇಂಥ ಹೆಸರಿಟ್ಟವರು ನೀವು. ಈಗ ಇಡೀ ಬೀದಿ ಹಾಗೇ ಕರೆಯುತ್ತೆ, ಅವರೂ ಓಗೊಡ್ತಾರೆ.) ನೀವು ಹೇಳಿದ ಆ ವಿಷಯದ ಬಗ್ಗೆ ನಾನು ಇನ್ನೂ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅವರ ಮುಖ ನೋಡಕ್ಕೇ ನನಗೆ ಮುಜುಗರ. ಅವರು ಮೋಟಾರಿನ ಮಾತಷ್ಟೇ ಆಡಿದರು. ಹೊಸ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸದೆ ಕೊಟ್ಟರೆ ಮತ್ತೆ ಸುಡುತ್ತೆ, ಇವತ್ತು ಆಗೋ ಮಾತಲ್ಲ ಅಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಗುಡಾರ ಇಲ್ಲದೆ ಆಗಲ್ಲ, ನಮ್ಮ ಮಾವ ಇದ್ದಿದ್ರೆ ಏನಾದ್ರೂ ಮಾಡ್ತಿದ್ರು ಅಂತ ಅಳೋ ಹಾಗಾದೆ. ಅವರು ಕೈ ಒರೆಸಿಕೊಳ್ತಾ, ‘ಏನು ಮಾಡ್ತಿದ್ರು?’ ಅಂತ ಕೇಳಿದರು, ನಿಜವಾಗಲೂ ತಿಳ್ಕೊಳ್ಳೋರ ಹಾಗೆ. ನಾನು ಯೋಚನೆ ಮಾಡಿದೆ. ನೀವಾಗಿದ್ರೆ ಮೈದಾನಕ್ಕೆ ಕರ್ಕೊಂಡು ಹೋಗ್ತಿದ್ರಿ. ಮೋಟಾರು ಸಾಗಿಸೋ ನಾಲ್ಕು ಗಾಲಿಯ ತಳ್ಳುಗಾಡಿ ಕೊಡ್ತೀರಾ ಅಂತ ಕೇಳಿದೆ. ಅಂಗಡಿ ಬಾಗಿಲು ಎಳೆದು ತಾವೂ ಬಂದರು.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ಸುತ್ತು ಎಳೆದೆ. ಮೊದಲು ಚೆಂಡಿನ ಸಾಲ ತೀರಿಸಬೇಕಿತ್ತು. ಆ ಹುಡುಗಿಯನ್ನೇ ತಳ್ಳುಗಾಡಿ ಮೇಲೆ ಕೂರಿಸಿ, ಮೇಷ್ಟ್ರು ಒಂದೇ ಸಮನೆ ತಳ್ಳಿಕೊಂಡು ಹೋಗುವಾಗ ಚೆಂಡು ಎಸೆಯಕ್ಕೆ ಹೇಳಿದೆ. ಚೆಂಡು ಹಿಂದೆ ಬೀಳಲಿಲ್ಲ, ಅವಳ ಕೈಗೇ ಬಂತು. ಅವಳು ಚೆಂಡು ನೋಡ್ತಾಳೆ, ನನ್ನನ್ನ ನೋಡ್ತಾಳೆ. ಮತ್ತೆ ಎಸೆದಳು, ಮತ್ತೆ ಕೈಗೆ. ‘ಮೋಸ!’ ಅಂತ ಕಿರುಚಿದಳು ನೋಡಿ, ಅವಳು ಬೈದದ್ದು ನನಗಲ್ಲ, ನಿನ್ನೆಯ ಲೆಕ್ಕಕ್ಕೆ. ಗಾಡಿ ಜೊತೆ ಚೆಂಡೂ ಮುಂದೆ ಬರ್ತಿತ್ತು ಅಂತ ಅವಳೇ ಎಲ್ಲರಿಗೂ ವಿವರಿಸಿದಳು, ಸಂಜೆ ಅವರಪ್ಪನಿಗೂ ವಿವರಿಸಿರ್ತಾಳೆ. ಆಮೇಲೆ ಸೂರ್ಯ ಬೇಕಾಯ್ತು. ‘ಅಲ್ಲಾಡದೆ ನಿಲ್ಲೋದೊಂದು ನನಗೆ ಬರುತ್ತೆ’ ಅಂತ ಮೇಷ್ಟ್ರು ನಡುವೆ ನಿಂತರು. ಸುಡು ಬಿಸಿಲು, ತಲೆ ಮೇಲೆ ಒಂದು ಟವಲ್ಲು, ಅಂಗಿಗೆಲ್ಲ ಮೋಟಾರಿನ ಮಸಿ. ಇಂಥ ಕಪ್ಪು ಸೂರ್ಯನನ್ನ ಯಾವ ಕಾಲದವರೂ ಕಂಡಿರಲಿಕ್ಕಿಲ್ಲ, ಮಕ್ಕಳು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಒಳಸುತ್ತಿನಲ್ಲಿ ಚುರುಕಾಗಿ ನಡೆಯೋ ಮಕ್ಕಳು ಭೂಮಿ. ಹೊರಸುತ್ತಿನಲ್ಲಿ ಮೆಲ್ಲಗೆ ನಡೆಯೋದು ಮಂಗಳ, ನಮ್ಮ ಚೆಂಡಿನ ಹುಡುಗಿ. ಮಂಗಳನ ಬೆನ್ನ ಹಿಂದೆ ದೂರದ ಗೋಡೆಯಲ್ಲಿ ಯಾವ ಕಂಬ ಕಾಣುತ್ತೆ ಅಂತ ಕೂಗಿ ಹೇಳ್ತಾ ನಡೀರಿ ಅಂದೆ. ಕಂಬಗಳು ಮುಂದೆ ಮುಂದೆ ಹೋಗ್ತಿದ್ದವು. ಭೂಮಿಯವರು ಮಂಗಳನನ್ನ ಹಿಂದಿಕ್ಕಿ ದಾಟಿದರು ನೋಡಿ, ಕಂಬಗಳ ಲೆಕ್ಕ ಉಲ್ಟಾ ಹೊಡೀತು. ‘ಹಿಂದಕ್ಕೆ ಹೋಗ್ತಿದೆ! ಮಂಗಳ ಹಿಂದಕ್ಕೆ ಹೋಗ್ತಿದೆ!’ ಅಂತ ಎಲ್ಲ ಬೊಬ್ಬೆ. ಆ ಹುಡುಗಿಗೆ ಸಿಟ್ಟು ನೆತ್ತಿಗೇರಿ, ‘ನಾನೆಲ್ಲಿ ಹಿಂದೆ ಹೋಗ್ತಿದ್ದೀನಿ? ನಾನು ಮುಂದಕ್ಕೇ ನಡೀತಿದ್ದೀನಿ! ಓಡ್ತಿರೋರು ನೀವು!’ ಅಂದಳು.

ಆ ಮಾತು ಕೇಳಿ ನಾನು ಸುಣ್ಣದ ಡಬ್ಬಿ ಹಿಡ್ಕೊಂಡು ಅಲ್ಲೇ ನಿಂತುಬಿಟ್ಟೆ. ಎಷ್ಟು ತಲೆಮಾರು ಜನ, ಎಂಥೆಂಥ ಬುದ್ಧಿವಂತರು, ಚಕ್ರದ ಮೇಲೆ ಚಕ್ರ ಹೂಡಿ ತಲೆ ಕೆಡಿಸಿಕೊಂಡದ್ದಕ್ಕೆ ಆ ಪುಟ್ಟ ಹುಡುಗಿ ಬಯ್ದು ಉತ್ತರ ಹೇಳಿದ್ದಳು. ಆಮೇಲಿನ ಕಥೆನ ನಿಮ್ಮ ಹಾಗೇ ಹೇಳಿದೆ. ಸೂರ್ಯನನ್ನ ನಡುವೆ ಕೂರಿಸಿದ ಪುಣ್ಯಾತ್ಮರೂ ದಾರಿ ಗುಂಡಗೇ ಇರಬೇಕು ಅನ್ನೋ ಹಠ ಬಿಡದೆ ಒಂದಿಷ್ಟು ಚಿಕ್ಕ ಚಕ್ರ ಉಳಿಸ್ಕೊಂಡದ್ದು. ಮತ್ತೊಬ್ಬರು ಮಂಗಳನ ಲೆಕ್ಕದ ಜೊತೆ ವರ್ಷಗಟ್ಟಲೆ ಗುದ್ದಾಡಿ, ದಾರಿ ಗುಂಡಗಿಲ್ಲ, ಒತ್ತಿ ಹಿಡಿದ ಬಳೆಯ ಹಾಗಿದೆ ಅಂತ ಕೊನೆಗೂ ಒಪ್ಪಿಕೊಂಡದ್ದು. ದುರ್ಬೀನು ಹಿಡಿದವರು ಗುರುಗ್ರಹದ ಸುತ್ತ ಚಂದ್ರಗಳು ತಿರುಗೋದನ್ನ ಕಂಡು, ಎಲ್ಲವೂ ನಮ್ಮ ಸುತ್ತಲೇ ತಿರುಗಲ್ಲ ಅಂತ ತಿಳಿಸಿದ್ದು. ಅಷ್ಟಕ್ಕೆ ಮುಗೀತು ಅಂದುಕೊಂಡಿದ್ದೆ. ಚೆಂಡಿನ ಹುಡುಗಿ ಬಿಡಬೇಕಲ್ಲ! ‘ಹಾಗಾದ್ರೆ ಸೂರ್ಯ ಮಧ್ಯ ಇರೋದಾದ್ರೂ ನಿಜಾನಾ, ಇಲ್ಲ ನಾಳೆ ಬಂದು ಅದೂ ತಪ್ಪು ಅಂತೀರಾ?’ ಅಂದಳು. ಅದೂ ಆಗಲೇ ಹೋಯ್ತು ಕಂದಾ ಅಂದೆ. ನಮ್ಮ ಗ್ರಹಗಳಿಗೆ ಸೂರ್ಯ ಮಧ್ಯ, ಆದರೆ ಸೂರ್ಯನೇ ಕೋಟ್ಯಂತರ ಚುಕ್ಕಿಗಳ ಒಂದು ದೊಡ್ಡ ಗುಂಪಿನಲ್ಲಿ ಎಲ್ಲೋ ಪಕ್ಕದಲ್ಲಿ ಸುತ್ತುತ್ತಿದ್ದಾನೆ, ಅಂಥ ಗುಂಪುಗಳೂ ಲೆಕ್ಕವಿಲ್ಲದಷ್ಟು, ಇಡೀ ವಿಶ್ವಕ್ಕೆ ಇದೇ ಮಧ್ಯ ಅನ್ನೋ ಜಾಗವೇ ಇಲ್ಲ ಅಂದೆ. ಅವಳ ಮುಖ ಸಣ್ಣಗಾಯ್ತು. ‘ಮಧ್ಯದಲ್ಲಿ ಯಾರೂ ಇಲ್ದೇ ಇದ್ರೆ ಎಲ್ಲ ಬಿದ್ದು ಹೋಗಲ್ವಾ?’ ಅಂತ ಕೇಳಿದಳು. ಇದಕ್ಕೆ ಕೊಟ್ಟ ಉತ್ತರ ಮಾತ್ರ ನನ್ನ ಸ್ವಂತದ್ದು, ಮಾವ. ಇಲ್ಲ ಕಣಮ್ಮ, ಬೀಳಲ್ಲ, ಒಂದನ್ನೊಂದು ಎಳ್ಕೊಂಡು ಹಿಡ್ಕೊಂಡಿರ್ತವೆ ಅಂದೆ. ಅವಳು ತಲೆಯಾಡಿಸಿ ನೀರು ಕುಡಿಯಕ್ಕೆ ಓಡಿದಳು. ನಾನು ಮೇಷ್ಟ್ರಿಗೆ ಇನ್ನು ನೀವು ಅಲ್ಲಾಡಬಹುದು ಅಂತ ಹೇಳೋದನ್ನೂ ಮರೆತು ನಿಂತಿದ್ದೆ.

ಈಗ ಮನೆ ವಿಷಯಕ್ಕೆ ಬರ್ತೀನಿ, ಕೋಪ ಮಾಡ್ಕೊಳ್ಳದೆ ಓದಿ. ಹಳಬರ ಆ ಚಿಕ್ಕ ಚಕ್ರಗಳ ನಡುವೆ ಏನಿದೆ ಅಂತ ಒಂದು ಸಲ ನಾನು ಕೇಳಿದಾಗ ನೀವು ‘ಏನೂ ಇಲ್ಲ, ಬರೀ ಬಿಂದು, ಖಾಲಿ ಜಾಗ’ ಅಂದಿದ್ರಿ. ನಿಮ್ಮ ಮಗ ಹೋದ ಮೇಲೆ ನಾವಿಬ್ಬರೂ ಹಾಗೇ ಬದುಕಿದ್ದೀವಿ ಅಂತ ನನಗೆ ಆ ಮೈದಾನದಿಂದ ವಾಪಸ್ ಬರೋ ದಾರಿಯಲ್ಲಿ ಅನ್ನಿಸಿತು. ಅವರು ತೀರಿಕೊಂಡ ಆಸ್ಪತ್ರೆ ಇರೋ ರಸ್ತೆ ಬೇಡ ಅಂತ ಊರೆಲ್ಲ ಬಳಸಿ ವ್ಯಾನು ಓಡಿಸ್ತೀವಿ. ಅವರ ಬೂಟನ್ನ ನೀವು ಪಾಲಿಶ್ ಮಾಡಿಡ್ತೀರಿ, ನಾನು ನೋಡದ ಹಾಗಿರ್ತೀನಿ. ಅವರು ಸಿಳ್ಳೆ ಹಾಕ್ತಿದ್ರು ಅಂತ ನೀವು ಸಿಳ್ಳೆ ಬಿಟ್ರಿ, ಅವರಿಗೆ ಹಿಡಿಸ್ತಿತ್ತು ಅಂತ ನಾನು ಹಾಡೋದು ಬಿಟ್ಟೆ. ನನಗೆ ನೋವಾಗದಿರಲಿ ಅಂತ ನೀವೊಂದು ಸುತ್ತು, ನಿಮಗೆ ನೋವಾಗದಿರಲಿ ಅಂತ ನಾನೊಂದು ಸುತ್ತು. ಲೆಕ್ಕ ಕೂಡ್ತಿತ್ತು, ಇಲ್ಲ ಅನ್ನಲ್ಲ. ದಿನ ಕಳೀತಿತ್ತು. ಅವರನ್ನ ಮರೀಬೇಕು ಅಂತಲ್ಲ ಮಾವ, ಆ ಮಾತು ಯಾರಾದ್ರೂ ಅಂದ್ರೆ ನಾನೇ ಜಗಳಕ್ಕೆ ಹೋಗ್ತೀನಿ. ಅವರು ಇರೋ ಕಡೆ ಇರ್ತಾರೆ. ಆದರೆ ಈ ಮನೆಯಲ್ಲಿ ನನ್ನನ್ನ ಬೀಳದ ಹಾಗೆ ಹಿಡಿದಿದ್ದು ಆ ಖಾಲಿ ಜಾಗ ಅಲ್ಲ, ನೀವು. ಈ ಒಂದು ಮಾತನ್ನ ನಾನು ನಿಮಗೆ ಇದುವರೆಗೂ ಹೇಳೇ ಇಲ್ಲ.

ಅವರು ಹೋದಾಗ ನನ್ನ ಕಡೆಯವರು ಅಂತ ಯಾರೂ ಇರಲಿಲ್ಲ. ಸಾಕಿದ ದೊಡ್ಡಮ್ಮನೂ ಆಗಲೇ ಇರಲಿಲ್ಲ. ಮುಂದೇನು ಅಂತ ಬಂದ ನೆಂಟರೆಲ್ಲ ಪಿಸುಗುಡ್ತಿದ್ದಾಗ ನೀವು ನನ್ನ ಕೈಗೆ ವ್ಯಾನಿನ ಕೀ ಕೊಟ್ಟು ‘ಗಾಡಿ ಕಲಿ, ನನಗೆ ಒಬ್ಬನಿಗೆ ಆಗಲ್ಲ’ ಅಂದ್ರಿ. ಆಗ್ತಿತ್ತು ನಿಮಗೆ, ನನಗೆ ಗೊತ್ತು. ನಾನು ಗೇಟಿಗೆ ಗುದ್ದಿದೆ, ಕಾಲುವೆ ಕಟ್ಟೆಗೆ ಗುದ್ದಿದೆ, ಒಂದು ದಿನವೂ ನೀವು ಗದರಲಿಲ್ಲ. ಇಳಿದು ನೋಡಿ ‘ಕಟ್ಟೆ ಗಟ್ಟಿ ಇದೆ’ ಅನ್ನುತ್ತಿದ್ರಿ. ನಾನು ಗಾಡಿ ಕಲಿಯೋ ದಿನ ಅಡುಗೆ ನೀವೇ ಮಾಡಿ, ಅದು ಬಾಯಿಗಿಡಕ್ಕಾಗದೆ ಇಬ್ಬರೂ ನಕ್ಕೆವಲ್ಲ, ಅವರು ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತು. ಚುಕ್ಕಿ ಗುರುತಿಸಕ್ಕೆ ಕಲಿಸಿದ್ರಿ. ತಪ್ಪಿದವರನ್ನ ಹಂಗಿಸದೆ ತಪ್ಪನ್ನ ತಿದ್ದೋದು ಕಲಿಸಿದ್ರಿ. ಥ್ಯಾಂಕ್ಸ್ ಅಂದ್ರೆ ನಿಮಗೆ ಸಿಟ್ಟು ಬರುತ್ತೆ, ಬರಲಿ. ಥ್ಯಾಂಕ್ಸ್ ಮಾವ. ಜೀವ ಇರೋವರೆಗೂ ಥ್ಯಾಂಕ್ಸ್.

ಹಾಗಾಗಿ ನೀವು ಈಗ ಹಾಕಿರೋ ಲೆಕ್ಕ ತಪ್ಪು ಅಂತ ಹೇಳೋ ಅಧಿಕಾರ ನನಗಿದೆ. ನಾನು ಮರುಮದುವೆ ಆದರೆ ಆ ಮನೆಯಲ್ಲಿ ಸತ್ತ ಗಂಡನ ಅಪ್ಪನಿಗೆ ಏನು ಕೆಲಸ, ನಡುವೆ ಮುಳ್ಳಾಗೋದ್ಯಾಕೆ, ಮೊದಲೇ ಸರಿದುಬಿಡೋಣ ಅಂತ ತಾನೇ ಕಣ್ಣಿನ ನೆಪ ಮಾಡ್ಕೊಂಡು ಹೋಗಿ ಅಲ್ಲೇ ಕೂತಿರೋದು? ಅತ್ತಿಗೆ ಮನೆ ನಿಮ್ಮದೇ ಮನೆ, ಎಷ್ಟು ದಿನ ಬೇಕಾದ್ರೂ ಇರಿ, ನನ್ನದೇನೂ ತಕರಾರಿಲ್ಲ. ಆದರೆ ನನಗೆ ಉಪಕಾರ ಮಾಡ್ತಿದ್ದೀನಿ ಅಂತ ಅಂದುಕೊಂಡು ಇರಬೇಡಿ. ನೀವು ಹೋದ ಮೇಲೆ ನಾನು ಯೋಚನೆ ಮಾಡಿದ್ದು ನಿಜ. ನೀವು ಇದ್ದಿದ್ರೂ ಮಾಡ್ತಿದ್ದೆ, ಏನೀಗ, ಸ್ವಲ್ಪ ನಿಧಾನ ಆಗ್ತಿತ್ತು. ಆಟದ ಉಳಿದರ್ಧವನ್ನ ನಾನು ಹೇಗೆ ಮಾಡಿದೆ ಅಂತ ತಿದ್ದಿ ಹೇಳಕ್ಕೆ ಇಲ್ಲಿ ಯಾರೂ ಇಲ್ಲ. ವ್ಯಾನಿನಲ್ಲಿ ಪಕ್ಕದ ಸೀಟಲ್ಲಿ ಕೂತು ತಪ್ಪು ತಿರುವು ತೋರಿಸೋರೂ ಇಲ್ಲ.

ಅತ್ತಿಗೆಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸಿ, ಮಕ್ಕಳಿಗೆ ಮುದ್ದು. ನಿಮ್ಮ ಆರೋಗ್ಯ ನೋಡ್ಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ. ನನಗೆ ನಿಮ್ಮ ಆಶೀರ್ವಾದ ಯಾವಾಗಲೂ ಇದ್ದದ್ದೇ, ಆದರೂ ಈ ಸಲ ಬಾಯಿಬಿಟ್ಟು ಕೇಳ್ತಿದ್ದೀನಿ.

ಇಂತಿ,
ನಿಮ್ಮ ಸೊಸೆ

ಮತ್ತೊಂದು ಮಾತು: ಬರೆಯಕ್ಕೆ ಮರೆತೆ ಅಂತ ಅಂದುಕೊಳ್ಳಬೇಡಿ, ಮರೆತಿರಲಿಲ್ಲ, ಧೈರ್ಯ ಬರಲಿಲ್ಲ. ಗಾಳಿ ಮೇಷ್ಟ್ರಿಗೆ ಬುಧವಾರ ಹೂಂ ಅಂದೆ. ಮಾವ ಈ ಮನೆಯಲ್ಲೇ ಇರ್ತಾರೆ, ಬರೋದಾದ್ರೆ ನೀವೇ ಇಲ್ಲಿಗೆ ಬನ್ನಿ ಅಂದೆ, ‘ಅದನ್ನ ಕೇಳಬೇಕಾ’ ಅಂದರು. ಮೊನ್ನೆ ಶುಕ್ರವಾರ ಇಬ್ಬರೂ ನೋಂದಣಿ ಕಚೇರಿಗೆ ಹೋಗಿದ್ವಿ. ಬರೋ ಗುರುವಾರ ಎರಡೂ ಕಡೆಯಿಂದ ಒಬ್ಬೊಬ್ಬರು ಬಂದು ಮದುವೆ ಅರ್ಜಿಗೆ ಸಾಕ್ಷಿ ಹಾಕಬೇಕಂತೆ. ಗಂಡಿನ ಕಡೆಯಿಂದ ಅವರ ಅಕ್ಕ ಬರ್ತಾರೆ. ಹೆಣ್ಣಿನ ಕಡೆಯಿಂದ ಯಾರು ಅಂತ ಗುಮಾಸ್ತರು ಕೇಳಿದರು. ನಮ್ಮಪ್ಪ ಅಂದೆ. ಎಲ್ಲಿದ್ದಾರೆ ಅಂತ ಕೇಳಿದರು. ಊರಲ್ಲಿಲ್ಲ, ಗುರುವಾರದ ಹೊತ್ತಿಗೆ ಬಂದುಬಿಡ್ತಾರೆ ಅಂದೆ. ನನ್ನ ಮಾತು ಸುಳ್ಳು ಮಾಡಬೇಡಿ.